ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಒಳಗೆ

ಪ್ರಶ್ನೆ: ಮೂರು ಖಾನೆಗಳ ಕಪಾಟನ್ನು ಇಂಗ್ಲಿಷಿನಲ್ಲಿ ವರ್ಣಿಸುವಾಗ ನಾನು ‘ಮೋಸ್ಟ್ ಟಾಪ್ ಶೆಲ್ಫ್’ ಎಂದು ಬರೆದಿದ್ದೆ. ತಿದ್ದಿದವರು ಅದನ್ನು ‘ಟಾಪ್‌ಮೋಸ್ಟ್ ಶೆಲ್ಫ್’ ಎಂದು ಬದಲಾಯಿಸಿದರು. ‘ಮೋಸ್ಟ್ ಬ್ಯೂಟಿಫುಲ್’ ಎನ್ನುವಾಗ ಪದಕ್ಕೆ ಮೊದಲು ಬರುವ ‘ಮೋಸ್ಟ್’ ಇಲ್ಲಿ ಪದದ ಕೊನೆಗೆ ಅಂಟಿಕೊಳ್ಳುವುದೇಕೆ? ಇದನ್ನು ಯಾವ ಪದಕ್ಕೆ ಬೇಕಾದರೂ ಹಚ್ಚಬಹುದೇ?

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ ಇವೆರಡು ‘ಮೋಸ್ಟ್’ಗಳು ಒಂದೇ ಎಂಬ ನಂಬಿಕೆ. ಅವು ಹುಟ್ಟಿನಿಂದ ಬೇರೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಎಲ್ಲಕ್ಕಿಂತ’ ಎಂಬ ಅರ್ಥ ಕೊಡುವ ‘ಮ’ ಎಂಬ ಪ್ರತ್ಯಯವಿತ್ತು. ‘ಫೋರ್ಮ’ ಎಂದರೆ ಎಲ್ಲರಿಗಿಂತ ಮುಂದಿನವನು, ಅಂದರೆ ಮೊದಲನೆಯವನು. ಕಾಲ ಕಳೆದಂತೆ ಆ ಪ್ರತ್ಯಯದ ಅರ್ಥ ಜನರ ಮನಸ್ಸಿನಲ್ಲಿ ಮಸುಕಾಯಿತು, ಅದರ ಮೇಲೆ ಅದೇ ಅರ್ಥದ ‘ಎಸ್ಟ್’ ಪ್ರತ್ಯಯವನ್ನೂ ಸೇರಿಸಿದರು, ಎರಡೂ ಕೂಡಿ ‘ಮೆಸ್ಟ್’ ಆಯಿತು. ನಾವು ‘ನಡು’ ಎಂದರೆ ಸಾಲದೆ ‘ನಡುಮಧ್ಯೆ’ ಎನ್ನುವುದಿಲ್ಲವೇ, ಹಾಗೆ. ಮುಂದಿನ ತಲೆಮಾರುಗಳು ಈ ‘ಮೆಸ್ಟ್’ ಅನ್ನು ಕೇಳಿ, ಇದು ತಮಗೆ ಗೊತ್ತಿರುವ ‘ಮೋಸ್ಟ್’ ಪದವೇ ಇರಬೇಕೆಂದು ಭಾವಿಸಿ ಕಾಗುಣಿತವನ್ನೂ ಹಾಗೆಯೇ ತಿದ್ದಿಕೊಂಡರು. ‘ಫೋರ್‌ಮೋಸ್ಟ್’ ಹುಟ್ಟಿದ ಬಗೆ ಇದು. ಇನ್ನೊಂದು ಸ್ವಾರಸ್ಯವೂ ಇದೆ: ‘ಮಾಜಿ’ ಎಂಬ ಅರ್ಥದಲ್ಲಿ ನಾವು ದಿನವೂ ಬಳಸುವ ‘ಫಾರ್ಮರ್’ ಕೂಡ ಅದೇ ‘ಫೋರ್ಮ’ದ ಬೇರಿನಿಂದ ಬಂದದ್ದು.

ಆದ್ದರಿಂದ ಇಲ್ಲಿರುವುದು ಸ್ಥಳ ಬದಲಿಸಿದ ‘ಮೋಸ್ಟ್’ ಪದವಲ್ಲ, ಮೊದಲಿನಿಂದಲೂ ಕೊನೆಯಲ್ಲೇ ಇದ್ದ ಪ್ರತ್ಯಯ. ಅದು ಸೇರುವುದು ಸ್ಥಾನ ಅಥವಾ ದಿಕ್ಕನ್ನು ಹೇಳುವ ಬೆರಳೆಣಿಕೆಯ ಪದಗಳಿಗೆ ಮಾತ್ರ: ಟಾಪ್‌ಮೋಸ್ಟ್, ಅಪ್ಪರ್‌ಮೋಸ್ಟ್, ಇನ್ನರ್‌ಮೋಸ್ಟ್, ಔಟರ್‌ಮೋಸ್ಟ್, ರಿಯರ್‌ಮೋಸ್ಟ್, ಲೆಫ್ಟ್‌ಮೋಸ್ಟ್, ರೈಟ್‌ಮೋಸ್ಟ್, ನಾರ್ದರ್ನ್‌ಮೋಸ್ಟ್ ಮತ್ತು ಉಳಿದ ದಿಕ್ಕುಗಳು. ‘ರಸ್ತೆಗೆ ಎಲ್ಲಕ್ಕಿಂತ ಹತ್ತಿರದ’ ಎನ್ನಲು ‘ರೋಡ್‌ಮೋಸ್ಟ್’ ಎಂದರೆ ಇಂಗ್ಲಿಷ್ ಬಲ್ಲವರು ನಗುತ್ತಾರೆ. ಕನ್ನಡದಲ್ಲೂ ಇದಕ್ಕೆ ಸಮನಾದ ಒಂದು ಕಟ್ಟಳೆಯಿದೆ. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿ ಎಂಬ ತಲೆಬರಹದಡಿ ಓದಿದ ‘ಕಟ್ಟಕಡೆ’, ‘ನಟ್ಟನಡು’, ‘ತುತ್ತತುದಿ’, ‘ಮೊತ್ತಮೊದಲು’ ಎಂಬ ರೂಪಗಳನ್ನು ನೆನಪಿಸಿಕೊಳ್ಳಿ. ಅವು ಮಾಡುವ ಕೆಲಸ ಇದೇ, ಅವುಗಳ ಜಿಪುಣತನವೂ ಇಂಥದೇ; ಕಡೆಗೆ ‘ಕಟ್ಟಕಡೆ’ ಇದೆಯೆಂದು ಮೇಲಕ್ಕೆ ‘ಮೆಟ್ಟಮೇಲೆ’ ಎಂದು ಯಾರೂ ಹೇಳುವುದಿಲ್ಲ. ನಮ್ಮ ‘ನಟ್ಟನಡು’ ದಿನಬಳಕೆಯ ಮಾತಾದರೆ ಅದಕ್ಕೆ ಸರಿಯಾದ ‘ಮಿಡ್‌ಮೋಸ್ಟ್’ ನಿಘಂಟಿನಲ್ಲಿದ್ದರೂ ಇಂದು ಬಳಕೆಯಲ್ಲಿ ಅಪರೂಪ ಎಂಬುದು ನಮಗೆ ಹೆಮ್ಮೆಯ ಸಂಗತಿಯೆಂದೇ ಇಟ್ಟುಕೊಳ್ಳೋಣ.

ಈ ಪ್ರತ್ಯಯದ ನಿಜವಾದ ಬೆಲೆ ತಿಳಿಯಬೇಕಾದರೆ ಸೌರಮಂಡಲವನ್ನು ನೋಡಬೇಕು. ‘ಔಟರ್ ಪ್ಲಾನೆಟ್ಸ್’ ಎಂದರೆ ಗುರು, ಶನಿ, ಯುರೇನಸ್, ನೆಪ್ಚೂನ್ ಎಂಬ ನಾಲ್ಕು ಗ್ರಹಗಳು. ‘ಔಟರ್‌ಮೋಸ್ಟ್ ಪ್ಲಾನೆಟ್’ ಎಂದರೆ ಒಂದೇ. 2006ರಲ್ಲಿ ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಬಿದ್ದ ಮೇಲೆ ಅದು ನೆಪ್ಚೂನ್. ಹಾಗೆಯೇ ಒಳಗಿನ ಗ್ರಹಗಳು ನಾಲ್ಕಾದರೂ ‘ಇನ್ನರ್‌ಮೋಸ್ಟ್’ ಆಗಿರುವುದು ಬುಧ ಮಾತ್ರ. ‘ಔಟರ್’ ಒಂದು ಗುಂಪನ್ನು ತೋರಿಸುತ್ತದೆ, ‘ಔಟರ್‌ಮೋಸ್ಟ್’ ಆ ಗುಂಪಿನ ಅಂಚಿನಲ್ಲಿರುವ ಒಂದನ್ನು ಹಿಡಿದು ನಿಲ್ಲಿಸುತ್ತದೆ. ಇದರಿಂದ ಎರಡು ಮಾತು ತಾನಾಗಿಯೇ ಹೊರಡುತ್ತವೆ: ಇಂಥ ವಿಶೇಷಣದ ಮೊದಲು ಸಾಮಾನ್ಯವಾಗಿ ‘ದ’ ಎಂಬ ಆರ್ಟಿಕಲ್ ಬರಬೇಕು, ಖಾನೆಗಳು ಎರಡೇ ಇದ್ದರೆ ‘ಅಪ್ಪರ್’, ‘ಲೋಯರ್’ ಎಂದರೆ ಸಾಕು, ‘ಮೋಸ್ಟ್’ನ ಹಂಗು ಬೇಡ. ನಿಮ್ಮ ಕಪಾಟಿನಲ್ಲಿ ಮೂರಿರುವುದರಿಂದ ‘ಟಾಪ್‌ಮೋಸ್ಟ್’ ಸರಿಯೇ, ಆದರೆ ಬರಿಯ ‘ಟಾಪ್ ಶೆಲ್ಫ್’ ಎಂದಿದ್ದರೂ ಯಾವ ಲೋಪವೂ ಇರುತ್ತಿರಲಿಲ್ಲ. ಎಡ-ಬಲದ ವಿಷಯದಲ್ಲಿ ಮಾತ್ರ ಈ ಉದಾರತೆ ಸಲ್ಲದು. 5307 ಎಂಬ ಸಂಖ್ಯೆಯಲ್ಲಿ ‘ಲೆಫ್ಟ್ ಡಿಜಿಟ್’ ಎಂದರೆ ಯಾವುದೆಂದು ತಿಳಿಯದು. ‘ಲೆಫ್ಟ್‌ಮೋಸ್ಟ್ ಡಿಜಿಟ್’ ಎಂದರೆ 5 ಎಂಬುದರಲ್ಲಿ ಸಂದೇಹವಿಲ್ಲ.

ದಿಕ್ಕಿನ ಪದಗಳಲ್ಲಿ ‘ದ ಮೋಸ್ಟ್ ನಾರ್ದರ್ಲಿ’ ಎಂಬ ಬಿಡಿ ರೂಪವೂ ಶುದ್ಧವೇ ಆಗಿದೆ, ಏಕೆಂದರೆ ‘ನಾರ್ದರ್ಲಿ’ ಹೆಚ್ಚು ಕಡಿಮೆ ಎಂದು ಅಳೆಯಬಹುದಾದ ವಿಶೇಷಣ. ಕಾಗುಣಿತದಲ್ಲಿ ಎಡವುವ ಪದವೆಂದರೆ ‘ಬಾಟಮ್‌ಮೋಸ್ಟ್’. ಅದರಲ್ಲಿ ಎರಡು ‘ಎಂ’ ಅಕ್ಷರಗಳು ಒತ್ತಾಗಿ ಬರುತ್ತವೆ, ಒಂದನ್ನು ನುಂಗಬಾರದು.

ಪ್ರಶ್ನೆ: ‘ಟಾಪ್‌ಮೋಸ್ಟ್’ ಪದದಲ್ಲಿ ಹೈಫನ್ ಇಲ್ಲ, ‘ಸೌತ್-ಫೇಸಿಂಗ್’ ಪದದಲ್ಲಿ ಇದೆ. ಎರಡೂ ಸ್ಥಾನವನ್ನೇ ಹೇಳುವಾಗ ಈ ಭೇದವೇಕೆ?

ಉತ್ತರ: ಸ್ಥಾನವನ್ನು ಹೇಳುವುದು ಎರಡರಲ್ಲಿ ಒಂದು ಮಾತ್ರ ಎಂಬುದರಿಂದ ಆರಂಭಿಸೋಣ. ವಾಹನದ ‘ರಿಯರ್‌ಮೋಸ್ಟ್ ಸೀಟ್’ ಎಂದರೆ ಎಲ್ಲಕ್ಕಿಂತ ಹಿಂದಿನ ಸಾಲಿನ ಆಸನ. ‘ರಿಯರ್-ಫೇಸಿಂಗ್ ಸೀಟ್’ ಎಂದರೆ, ಅದು ಯಾವ ಸಾಲಿನಲ್ಲೇ ಇರಲಿ, ಕುಳಿತವರ ಮುಖ ವಾಹನದ ಹಿಂಬದಿಗೆ ತಿರುಗಿರುವ ಆಸನ. ಕೂಸುಗಳಿಗಾಗಿ ಮಾಡಿದ ಸೀಟುಗಳ ಮೇಲೆ ಈ ಮಾತನ್ನು ಕಾಣುತ್ತೀರಿ. ಒಂದು ಎಲ್ಲಿದೆ ಎಂಬುದನ್ನು ಹೇಳುತ್ತದೆ, ಇನ್ನೊಂದು ಎತ್ತ ನೋಡುತ್ತಿದೆ ಎಂಬುದನ್ನು. ಇನ್ನು ಹೈಫನ್ನಿನ ಮಾತು: ‘ಮೋಸ್ಟ್’ ಪ್ರತ್ಯಯವಾದ್ದರಿಂದ ನೇರವಾಗಿ ಅಂಟುತ್ತದೆ, ‘ಫೇಸಿಂಗ್’ ಸ್ವತಂತ್ರ ಪದವಾದ್ದರಿಂದ ಇನ್ನೊಂದು ಪದದೊಡನೆ ಸಮಾಸವಾಗುವಾಗ ನಡುವೆ ಕೊಂಡಿ ಬೇಕಾಗುತ್ತದೆ. ಪದಗಳ ಸರಣಿ ನಮ್ಮ ‘ದಕ್ಷಿಣಾಭಿಮುಖ’ದಂತೆಯೇ ಇದೆ, ಮೊದಲು ದಿಕ್ಕು, ಆಮೇಲೆ ಮುಖ. ಸರಣಿ ತಿರುಗಿ ‘ಎ ವಿಂಡೋ ಫೇಸಿಂಗ್ ಸೌತ್’ ಎಂದಾದರೆ ಅಲ್ಲಿ ಸಮಾಸವಿಲ್ಲ, ಹೈಫನ್ನೂ ಇಲ್ಲ.

ಪ್ರಶ್ನೆ: ‘ಆಲ್‌ಮೋಸ್ಟ್’ ಮತ್ತು ‘ಅಟ್‌ಮೋಸ್ಟ್’ (‘ಯು’ ಅಕ್ಷರದಿಂದ ತೊಡಗುವುದು) ಇದೇ ಕುಟುಂಬದವೇ?

ಉತ್ತರ: ‘ಆಲ್‌ಮೋಸ್ಟ್’ ಅಲ್ಲ, ಅದರಲ್ಲಿರುವುದು ನಿಜವಾದ ‘ಮೋಸ್ಟ್’ ಪದವೇ, ‘ಎಲ್ಲ’ ಎಂಬುದರ ಜೊತೆ ಸೇರಿದ್ದು. ‘ಅಟ್‌ಮೋಸ್ಟ್’ ಹೌದು. ಅದರ ಮೊದಲ ಭಾಗ ‘ಔಟ್’ ಪದದ ಹಳೆಯ ರೂಪ, ಮೂಲ ಅರ್ಥ ‘ಎಲ್ಲಕ್ಕಿಂತ ಹೊರಗಿನ’. ‘ಅಟ್‌ಮೋಸ್ಟ್ ಕೇರ್’ ಎಂದರೆ ಎಚ್ಚರಿಕೆಯನ್ನು ಅದರ ಹೊರ ಅಂಚಿನವರೆಗೂ ಒಯ್ದದ್ದು ಎಂದರ್ಥ, ಆದರೆ ಇಂದು ಆ ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ.