ಪಿನ್ ಗನ್ ಕೈಕೊಟ್ಟರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮರಕ್ಕೆ ಪಿನ್ನು, ಮೊಳೆ ಹೊಡೆಯುವ ಬ್ಯಾಟರಿ ನೈಲ್ ಗನ್ನಿನದ್ದೇ. ಕೆಳಗಿನ ಯಾವ ಕೆಲಸಕ್ಕೆ ಕೈ ಹಾಕುವುದಾದರೂ ಮೊದಲು ಬ್ಯಾಟರಿ ಕಳಚಿ, ಆಮೇಲೆ ಪಿನ್ನು ತುಂಬುವ ಮ್ಯಾಗಜಿನ್ ಖಾಲಿ ಮಾಡಿ. ಗ್ಯಾಸ್ ಸಿಡಿಸಿ ಹೊಡೆಯುವ ಗನ್ ಆದರೆ ಗ್ಯಾಸ್ ಕ್ಯಾನ್ ಕೂಡ ಹೊರಗೆ ತೆಗೆಯಿರಿ. ಪ್ರತಿ ಉತ್ತರದಲ್ಲೂ ಇದನ್ನು ಬರೆಯುತ್ತಾ ಕೂರುವುದಿಲ್ಲ.

ಪ್ರಶ್ನೆ: ಇಷ್ಟು ವರ್ಷ ಕಂಪ್ರೆಸರ್ ಗನ್ನಿನಲ್ಲಿ ಕೆಲಸ ಮಾಡಿ ಈಗ 18 ಗೇಜಿನ ಬ್ಯಾಟರಿ ಗನ್ ತೆಗೆದುಕೊಂಡಿದ್ದೇನೆ. ಮೊದಮೊದಲು ಒಳ್ಳೆಯದಿತ್ತು. ಈಗ ಎಫ್ 50 (50 ಮಿಲಿಮೀಟರ್ ಉದ್ದದ) ಪಿನ್ನು ಪ್ಲೈವುಡ್ಡಿನಲ್ಲೂ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಟರಿ ಫುಲ್ ಉಂಟು. ದಿನಾ ಬೆಳಿಗ್ಗೆ ಎರಡು ಹನಿ ಎಣ್ಣೆಯೂ ಬಿಡುತ್ತೇನೆ. ಎಂತ ಆಗಿರಬಹುದು?
— ಆಚಾರಿಯೊಬ್ಬರು, ಕಲ್ಯಾಣಪುರ

ಉತ್ತರ: ಆ ಎರಡು ಹನಿ ಎಣ್ಣೆಯ ಮೇಲೇ ನಮ್ಮ ಅನುಮಾನ. ಕಂಪ್ರೆಸರ್ ಗನ್ನಿಗೆ ಗಾಳಿ ಪೈಪಿನ ಬಾಯಿಯಲ್ಲಿ ಎಣ್ಣೆ ಬಿಡಲೇಬೇಕು, ಇಲ್ಲದಿದ್ದರೆ ಒಳಗಿನ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಒಣಗಿ ಸವೆಯುತ್ತದೆ. ಬ್ಯಾಟರಿ ಗನ್ನಿನ ಕತೆ ಬೇರೆ. ಮೂತಿಯನ್ನು ಮರಕ್ಕೆ ಒತ್ತಿದ ಕೂಡಲೇ ಒಳಗೆ ಮೋಟಾರು ಗುಂಯ್ ಎಂದು ವೇಗ ಏರಿಸಿದರೆ ನಿಮ್ಮದು ಫ್ಲೈವೀಲ್ ಗನ್. ಟ್ರಿಗರ್ ಎಳೆದಾಗ ಸೊಲೆನಾಯ್ಡ್ ಎಂಬ ವಿದ್ಯುತ್ ಅಯಸ್ಕಾಂತ ಕೆಲಸ ಮಾಡಿ, ಪಿನ್ನು ಹೊಡೆಯುವ ಡ್ರೈವರ್ ಪಟ್ಟಿಯನ್ನು ತಿರುಗುತ್ತಿರುವ ಚಕ್ರಕ್ಕೆ ಅದುಮುತ್ತದೆ. ಚಕ್ರ ಪಟ್ಟಿಯನ್ನು ಕಚ್ಚಿ ಹಿಡಿದರೆ ಮಾತ್ರ ಪೆಟ್ಟು ಬೀಳುವುದು. ಅಲ್ಲಿ ಎಣ್ಣೆ ಸೇರಿದರೆ ಚಕ್ರ ಜಾರುತ್ತದೆ, ಮೋಟಾರಿನ ಸದ್ದು ಸರಿಯಾಗಿಯೇ ಕೇಳಿದರೂ ಪಿನ್ನು ಅರ್ಧಕ್ಕೆ ನಿಲ್ಲುತ್ತದೆ.

ಹೊರಕವಚದ ಸ್ಕ್ರೂ ಬಿಚ್ಚುವ ಮೊದಲೂ ನಂತರವೂ ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದಿಡಿ, ಜೋಡಿಸುವಾಗ ಸ್ಪ್ರಿಂಗ್ ಯಾವ ಕಡೆ ಇತ್ತು ಎಂಬ ಗೊಂದಲ ಬರುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ, ನೂಲು ಬಿಡದ ಬಟ್ಟೆಯಿಂದ ಚಕ್ರದ ಅಂಚನ್ನು ಕೈಯಲ್ಲೇ ತಿರುಗಿಸುತ್ತಾ ಒರೆಸಿ. ಚಕ್ರದಲ್ಲಿ ಗೀರು ಗೀರಾಗಿ ಸಾಲುಗಳಿದ್ದರೆ ಅವುಗಳ ತಳದಲ್ಲಿ ಕಪ್ಪು ಅಂಟು ಕೂತಿರುತ್ತದೆ, ಹಳೆ ಟೂತ್‌ಬ್ರಶ್ ಬೇಕಾಗುತ್ತದೆ. ಡ್ರೈವರ್ ಪಟ್ಟಿಯ ಎರಡೂ ಮೈ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಬಿಡಬೇಡಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ಒಂದು ಜಿಡ್ಡು ಉಳಿಸುತ್ತದೆ, ಇನ್ನೊಂದು ಬೆಂಕಿಯ ಅಪಾಯ, ಎರಡೂ ಪ್ಲಾಸ್ಟಿಕ್ ಭಾಗಗಳಿಗೆ ಆಗಿಬರುವುದಿಲ್ಲ. ಆಲ್ಕೋಹಾಲ್ ಪೂರ್ತಿ ಆರಲು ಅರ್ಧ ಗಂಟೆ ಕೊಡಿ. ಆಮೇಲೆ ರದ್ದಿ ಮರಕ್ಕೆ ಹತ್ತು ಹದಿನೈದು ಪಿನ್ನು ಹೊಡೆದು ನೋಡಿ. ಇಷ್ಟಾದರೂ ಜಾರುತ್ತಿದ್ದರೆ ಪಟ್ಟಿ ಸವೆದಿದೆ ಎಂದರ್ಥ, ಬದಲಿಸಬೇಕು.

ಇನ್ನೊಂದು ವಿಚಾರ. ಪ್ಲೈವುಡ್ಡಿನಲ್ಲಿ ಸರಿಯಾಗಿ ಇಳಿಯುವ ಪಿನ್ನು ಹಳೆ ಹಲಸಿನ ದಾರಂದದಲ್ಲಿ ಇಳಿಯಲಿಲ್ಲ ಎಂದು ಗನ್ನನ್ನು ಬಯ್ಯಬೇಡಿ. ಎಫ್ ಪಿನ್ನಿನ ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಬಲಿತ ಹಲಸಿಗೂ ಬೋಗಿ ಮರಕ್ಕೂ ಅದು ಒಳಗೇ ಸುರುಳಿಯಾಗಿ ಪಕ್ಕದಿಂದ ಹೊರಬರುತ್ತದೆ. ಮರ ಹಿಡಿದ ಕೈ ಮೂತಿಯಿಂದ ಒಂದು ಗೇಣಾದರೂ ದೂರ ಇರಲಿ. ಅಂಥ ಮರಕ್ಕೆ ಇನ್ನೂ ದಪ್ಪ ಪಿನ್ನು ಹೊಡೆಯುವ 16 ಗೇಜಿನ ಗನ್ ಬೇಕು.

ಪ್ರಶ್ನೆ: ಪ್ರತಿ ಸಲ ಮ್ಯಾಗಜಿನ್ ಖಾಲಿಯಾಗುವ ಮೊದಲೇ ಗನ್ ನಿಲ್ಲುತ್ತದೆ. ಪಿನ್ನು ತುಂಬಿಸಿದರೆ ಮತ್ತೆ ಸರಿ.
— ಮಣಿಪಾಲ

ಉತ್ತರ: ಹಾಳಾಗಿಲ್ಲ. ಖಾಲಿ ಪೆಟ್ಟು ಬಿದ್ದು ಡ್ರೈವರ್ ಹಾಳಾಗದಂತೆ ಕೊನೆಯ ಕೆಲವು ಪಿನ್ನು ಉಳಿದಾಗ ಮೂತಿ ಒತ್ತಲು ಬಿಡದ ಲಾಕ್ ಅದು. ತುಂಬಿದ ಮ್ಯಾಗಜಿನ್ನಿನಲ್ಲೂ ಹಾಗೆ ಆದರೆ ಮಾತ್ರ ಪಿನ್ನನ್ನು ಮುಂದಕ್ಕೆ ತಳ್ಳುವ ಪುಶರಿನ ಹಳಿಯಲ್ಲಿ ಹೊಟ್ಟು ಸಿಕ್ಕಿದೆಯೇ ನೋಡಿ.

ಪ್ರಶ್ನೆ: ರೀಪು ಹೊಡೆಯುವ ದೊಡ್ಡ ಗನ್. ಒಂದು ಮೊಳೆ ಹೊಡೆದ ಮೇಲೆ ಡ್ರೈವರ್ ಕೆಳಗೇ ಉಳಿಯುತ್ತದೆ. ಲಿವರ್ ತಿರುಗಿಸಿ ಬಿಡಿಸಿದರೆ ಇನ್ನೊಂದೆರಡು ಹೊಡೆಯುತ್ತದೆ, ಮತ್ತೆ ಅದೇ. ಗನ್ ಜೂನ್‌ನಿಂದ ಸೈಟಿನಲ್ಲೇ ಇತ್ತು.
— ಕಂಟ್ರಾಕ್ಟರ್, ಸುರತ್ಕಲ್

ಉತ್ತರ: ಇಂಥ ಫ್ಲೈವೀಲ್ ಗನ್ನಿನಲ್ಲಿ ಪೆಟ್ಟಿನ ನಂತರ ಡ್ರೈವರನ್ನು ಹಿಂದಕ್ಕೆ ಎಳೆಯುವುದು ರಿಟರ್ನ್ ಸ್ಪ್ರಿಂಗ್. ಸಮುದ್ರದ ಉಪ್ಪುಗಾಳಿ, ಜೊತೆಗೆ ಮಳೆ. ತೆಳು ತಂತಿಯ ಸ್ಪ್ರಿಂಗಿಗೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಮೊದಲು ಸ್ಕ್ರೂಡ್ರೈವರಿನ ತುದಿಯಿಂದ ಡ್ರೈವರನ್ನು ಮೇಲಕ್ಕೆ ತಳ್ಳಿ. ಸಲೀಸಾಗಿ ಜಾರಿ, ಆದರೆ ತಾನಾಗಿ ಎಳೆದುಕೊಳ್ಳದಿದ್ದರೆ ಸ್ಪ್ರಿಂಗ್ ಬಗ್ಗಿದೆ ಅಥವಾ ಮುರಿದಿದೆ. ಬಿಗಿಯಾಗಿ ಕಚ್ಚಿಕೊಂಡರೆ ಮೂತಿಯೊಳಗೆ ಮುರಿದ ಮೊಳೆಯ ತುಂಡೋ ತುಕ್ಕೋ ಇದೆ, ಅಥವಾ ಡ್ರೈವರಿನ ತುದಿ ಪೆಟ್ಟು ತಿಂದು ಅಣಬೆಯ ಹಾಗೆ ಅಗಲವಾಗಿದೆ.

ಸ್ಪ್ರಿಂಗ್ ಎರಡಿದ್ದರೆ ಒಂದೇ ಮುರಿದಿದ್ದರೂ ಜೋಡಿಯಾಗಿ ಬದಲಿಸಿ. ಹಳತು ಹೊಸತು ಸೇರಿದರೆ ಡ್ರೈವರ್ ಓರೆಯಾಗಿ ಹಿಂದೆ ಬಂದು ಹೊಸತನ್ನೂ ತಿನ್ನುತ್ತದೆ. ಪಕ್ಕದ ರಬ್ಬರ್ ಬಂಪರ್ ಬಿರುಕು ಬಿಟ್ಟಿದ್ದರೆ ಅದನ್ನೂ ಈಗಲೇ ಬದಲಿಸಿ, ಪೆಟ್ಟಿನ ಧಕ್ಕೆಯೆಲ್ಲ ಸ್ಪ್ರಿಂಗಿನ ಮೇಲೆ ಬೀಳಲು ಅದೇ ಕಾರಣ. ಡ್ರೈವರ್ ತುದಿಯ ಗಂಟನ್ನು ಸಣ್ಣ ಅರದಿಂದ ತೆಗೆಯಬಹುದು, ಆದರೆ ಉದ್ದ ಕಡಿಮೆಯಾಗುವಷ್ಟು ಉಜ್ಜಬೇಡಿ. ಮೊಳೆಯ ತಲೆ ಮರದ ಮೇಲೆಯೇ ಉಳಿಯಲು ಶುರುವಾಗುತ್ತದೆ.

ನಿಮ್ಮ ಮೊಳೆಗಳನ್ನೂ ನೋಡಿ. ಕಾಗದದ ಪಟ್ಟಿಯಲ್ಲಿ ಕೂಡಿಸಿದ ಮೊಳೆ ತೇವ ಕುಡಿದರೆ ಕಾಗದ ಉಬ್ಬುತ್ತದೆ, ಮ್ಯಾಗಜಿನ್ನಿನಲ್ಲಿ ಸರಿಯುವುದಿಲ್ಲ, ಎರಡೆರಡು ಮೊಳೆ ಒಟ್ಟಿಗೆ ಮೂತಿಗೆ ಬಂದು ಜಾಮ್ ಆಗುತ್ತದೆ. ಅಕ್ಕಿ ಡಬ್ಬಿಯಂಥ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಹಂಚಿನ ಮಾಡಿನ ರೀಪಿಗೆ ಸಾದಾ ಬಿಳಿ ಲೇಪದ ಮೊಳೆ ಸುರತ್ಕಲ್ ತೀರದಲ್ಲಿ ಬಾಳುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಹಾಟ್ ಡಿಪ್ ಗ್ಯಾಲ್ವನೈಸ್ಡ್ ತೆಗೆದುಕೊಳ್ಳಿ. ಕಡಲಿನ ಎದುರೇ ಮನೆಯಾದರೆ 316 ದರ್ಜೆಯ ಸ್ಟೇನ್‌ಲೆಸ್.

ಪ್ರಶ್ನೆ: ಅಮೆರಿಕದಿಂದ ಮಗ ತಂದ ಗನ್. ಬಾಕ್ಸಿನ ಮೇಲೆ 20 ವೋಲ್ಟ್ ಅಂತ ಉಂಟು, ಇಲ್ಲಿ ಅದೇ ಕಂಪೆನಿಯದ್ದು 18 ವೋಲ್ಟ್. ಚಾರ್ಜರ್ ಇಲ್ಲಿ ಹಾಕಬಹುದಾ?
— ಬಿಜೈ, ಮಂಗಳೂರು

ಉತ್ತರ: ಚಾರ್ಜರಿನ ಬೆನ್ನಲ್ಲಿ ಇನ್‌ಪುಟ್ 120 ವೋಲ್ಟ್ ಎಂದಷ್ಟೇ ಇದ್ದರೆ ಮೆಸ್ಕಾಂನ 230ಕ್ಕೆ ಹಾಕಿದ ಕ್ಷಣ ಸುಡುತ್ತದೆ. ಪ್ಲಗ್ಗಿನ ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. 100ರಿಂದ 240 ಎಂದಿದ್ದರೆ ಹಾಕಬಹುದು. ಬ್ಯಾಟರಿಯ ವಿಷಯಕ್ಕೆ ಬಂದರೆ, ಎರಡರಲ್ಲೂ ಐದೈದು ಸೆಲ್ ಸರಣಿಯಲ್ಲಿವೆ. ತುಂಬಿದಾಗ 20ರಿಂದ 21 ವೋಲ್ಟ್, ಸರಾಸರಿ 18. ಡಿವಾಲ್ಟ್‌ನ 20 ವೋಲ್ಟ್ ಮ್ಯಾಕ್ಸ್ ಮತ್ತು 18 ವೋಲ್ಟ್ ಎಕ್ಸ್‌ಆರ್ ಹೀಗೆಯೇ ಒಂದೇ ಜಾತಿ. ಇಲ್ಲಿಯದೇ ಚಾರ್ಜರ್ ಕೊಂಡರೆ ಕೆಲಸ ಮುಗಿಯಿತು.

ಪ್ರಶ್ನೆ: ನನ್ನ ಗನ್ನಿನೊಳಗೆ ನೈಟ್ರೋಜನ್ ಉಂಟಂತೆ. ಪೆಟ್ಟು ಕಮ್ಮಿಯಾಗಿದೆ. ಟಯರ್ ಅಂಗಡಿಯಲ್ಲಿ ತುಂಬಿಸಬಹುದಾ ಮಾರಾಯ್ರೆ?
— ಕಾಪು

ಉತ್ತರ: ಬೇಡ. ಕಾರಿನ ಟಯರಿಗೆ ತುಂಬುವುದು 30–35 ಪಿಎಸ್‌ಐ, ಪಿಸ್ಟನ್ ತಳ್ಳಲು ಗನ್ನಿನ ಸಿಲಿಂಡರಿನಲ್ಲಿ ತುಂಬಿದ ನೈಟ್ರೋಜನ್ನಿಗೆ ಅದಕ್ಕಿಂತ ಬಹಳ ಹೆಚ್ಚು ಒತ್ತಡ. ತಿಳಿಯದೆ ಆ ಮುಚ್ಚಳ ಬಿಚ್ಚಿದರೆ ಪಿಸ್ಟನ್ ಮುಖಕ್ಕೇ ಬರಬಹುದು. ಅದು ಸರ್ವಿಸ್ ಸೆಂಟರಿನ ಕೆಲಸ. ಅಲ್ಲಿಗೆ ಹೋಗುವ ಮೊದಲು ಪಿನ್ನು ಇಳಿಯುವ ಆಳ ಹೊಂದಿಸುವ ಡೆಪ್ತ್ ತಿರುಪು ಸರಿದಿದೆಯೇ ನೋಡಿ, ಇನ್ನೊಂದು ಬ್ಯಾಟರಿ ಹಾಕಿ ಪರೀಕ್ಷಿಸಿ. ಹೊಡೆದ ಮೇಲೆ ಡ್ರೈವರ್ ಮೇಲೇರುವ ಕ್ಷಣದಲ್ಲಿ ಕಟಕಟ ಸದ್ದು ಬಂದರೆ ಎತ್ತುವ ಗೇರಿನ ಹಲ್ಲೋ ಪಿನ್ನೋ ಸವೆದಿರಬಹುದು. ಸದ್ದು ಸ್ವಚ್ಛವಾಗಿದ್ದು ಪೆಟ್ಟು ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಸೀಲ್ ಸೋರುತ್ತಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಫಾಲ್ಸ್ ಸೀಲಿಂಗ್ ಕೆಲಸಕ್ಕೆ ಗ್ಯಾಸ್ ಗನ್. ಫ್ಯಾನ್ ತಿರುಗುತ್ತದೆ, ಆದರೆ ಮೂರರಲ್ಲಿ ಒಂದು ಸಲ ಸಿಡಿಯುವುದಿಲ್ಲ. ಗೋಡೆಗೆ ಹೊಡೆದ ಪಿನ್ನು ಕೆಲವು ಕಡೆ ಕೈಯಲ್ಲೇ ಬರುತ್ತದೆ.
— ಕಂಕನಾಡಿ

ಉತ್ತರ: ಇವು ಎರಡು ಬೇರೆ ಬೇರೆ ಸಮಸ್ಯೆ. ಮೊದಲನೆಯದಕ್ಕೆ ಕ್ಯಾನಿನ ತಳದಲ್ಲಿರುವ ತಾರೀಕು ನೋಡಿ. ಅವಧಿ ಮುಗಿದ ಕ್ಯಾನ್ ಅಲ್ಲಾಡಿಸಿದರೆ ದ್ರವ ಕೇಳಿಸಿದರೂ ಒತ್ತಡ ಸಾಕಾಗುವುದಿಲ್ಲ. ಹೊಸ ಕ್ಯಾನಿನಲ್ಲೂ ಅದೇ ಆದರೆ ಏರ್ ಫಿಲ್ಟರ್ ತೊಳೆದು ಒಣಗಿಸಿ. ಆಮೇಲೆ ದಹನ ಕೋಣೆಯ ಮುಚ್ಚಳ ತೆಗೆದು ಮಸಿ ಒರೆಸಿ, ಸ್ಪಾರ್ಕ್ ಪ್ಲಗ್‌ನ ತುದಿಯನ್ನು ಒಣ ಬ್ರಶ್ಶಿನಿಂದ ಉಜ್ಜಿ. ಸಿಲಿಂಡರಿಗೆ ಕಂಪೆನಿ ಹೇಳಿದ ಎಣ್ಣೆ ಕೆಲವೇ ಹನಿ. ಫ್ಲೈವೀಲ್ ಗನ್ನಿಗೆ ಬೇಡವೆಂದದ್ದು ಇದಕ್ಕೆ ಬೇಕು. ಕ್ಯಾನನ್ನು ಬಿಸಿಲಿನಲ್ಲಿ ನಿಂತ ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, 50 ಡಿಗ್ರಿ ಸೆಲ್ಸಿಯಸ್ ಅದರ ಮಿತಿ.

ಎರಡನೆಯದು ಗೋಡೆಯ ಗುಣ. ಪಿನ್ನು ಕೈಯಲ್ಲಿ ಬಂದ ಜಾಗದ ಪ್ಲಾಸ್ಟರ್ ಸ್ವಲ್ಪ ಕೆರೆದು ನೋಡಿ, ಕೆಂಪು ಪುಡಿ ಉದುರಿದರೆ ಒಳಗೆ ಮುರಕಲ್ಲು (ಜಂಬಿಟ್ಟಿಗೆ). ಆ ಪಿನ್ನು ಹಿಡಿಯುವುದು ಕಾಂಕ್ರೀಟಿನಲ್ಲಿ. ಮುರಕಲ್ಲಿನ ರಂಧ್ರಗಳಲ್ಲಿ ಅದಕ್ಕೆ ಹಿಡಿತವಿಲ್ಲ, ಗನ್ನಿನ ಶಕ್ತಿ ಹೆಚ್ಚಿಸಿದಷ್ಟೂ ಕಲ್ಲು ಇನ್ನಷ್ಟು ಪುಡಿಯಾಗುತ್ತದೆ. ಸ್ಲ್ಯಾಬ್ ಮತ್ತು ಬೀಮಿಗೆ ಗನ್ ಬಳಸಿ, ಗೋಡೆಯ ಅಂಚಿನ ಚಾನೆಲ್ಲಿಗೆ ಡ್ರಿಲ್ ಹಾಕಿ ಉದ್ದನೆಯ ನೈಲಾನ್ ಪ್ಲಗ್ಗು, ಸ್ಕ್ರೂ.