ಸರ್ವೆಯವರು ಮತ್ತೆ ಬಂದರೆ ಉತ್ತರ ಕೊಡಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ 14 ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಕೂರಿಸಿದರೆ ಕೂರುತ್ತಾನೆ, ಊಟ ನಾನೇ ಮಾಡಿಸಬೇಕು. ಅವನು ಚಿಕ್ಕವನಿದ್ದಾಗಿನಿಂದ ಯಾರ್ಯಾರೋ ಬರುತ್ತಾರೆ. ಟ್ಯಾಬ್ ಹಿಡಿದು ಪ್ರಶ್ನೆ ಕೇಳುತ್ತಾರೆ, ಫೋಟೊ ತೆಗೆಯುತ್ತಾರೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸಂಶೋಧನೆ ಅನ್ನುತ್ತಾರೆ. ಅದರಿಂದ ನಮಗೆ ಏನು ಬಂತು? ಮತ್ತೆ ಬಂದರೆ ಮಾತಾಡಬೇಕಾ, ವಾಪಸ್ ಕಳಿಸಬೇಕಾ?
– ಒಬ್ಬ ತಾಯಿ, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಕೇಳಿಕೊಂಡು ಹೋದವರು ತಿರುಗಿ ಬಂದು, ನೀವು ಹೇಳಿದ್ದರಿಂದ ಇಂಥದ್ದು ಗೊತ್ತಾಯಿತು ಅಂತ ತಿಳಿಸುವುದು ತುಂಬಾ ಅಪರೂಪ. ಅದು ಅವರ ತಪ್ಪು. ಆದರೂ ಎಲ್ಲರನ್ನೂ ವಾಪಸ್ ಕಳಿಸಿ ಅಂತ ನಾನು ಹೇಳಲಾರೆ.

ನನಗೆ ಚಿಕ್ಕಂದಿನಲ್ಲೇ ಬಲಗಾಲಿಗೆ ಪೋಲಿಯೊ ಆಯಿತು. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಹಾಕಿಕೊಂಡೇ ಶಾಲೆಗೆ ಹೋದೆ. 1981ರ ಜನಗಣತಿಯಲ್ಲಿ ಅಂಗವಿಕಲರನ್ನೂ ಎಣಿಸಿದರು. ಆದರೆ ಪೂರ್ತಿ ಕಣ್ಣು ಕಾಣದವರು, ಪೂರ್ತಿ ಮಾತು ಬಾರದವರು, ಕೈಕಾಲು ಪೂರ್ತಿ ಸೋತವರು ಮಾತ್ರ. ಕುಂಟುತ್ತಾ ನಡೆಯುವ ನನ್ನಂಥವರಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. 1991ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟರು. ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮತ್ತು ಜೊತೆಯವರು ಪಟ್ಟುಹಿಡಿದು ಹೋರಾಡಿದ ಮೇಲೆ 2001ರಲ್ಲಿ ಮತ್ತೆ ಸೇರಿಸಿದರು. ಆಗ ಸಿಕ್ಕ ಲೆಕ್ಕ 2.19 ಕೋಟಿ. 2011ರಲ್ಲಿ 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ 2.21. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ವರದಿ, ಜಗತ್ತಿನಲ್ಲಿ ಸುಮಾರು ಶೇ 15ರಷ್ಟು ಜನರಿಗೆ ವೈಕಲ್ಯ ಇದೆ ಎಂದಿತು. ನಮ್ಮ ದೇಶದಲ್ಲಿ ಮಾತ್ರ ಇಷ್ಟು ಕಮ್ಮಿ ಇರಲು ಸಾಧ್ಯವಿಲ್ಲ, ಅಲ್ವಾ?

ಇಷ್ಟು ವ್ಯತ್ಯಾಸಕ್ಕೆ ದೊಡ್ಡ ಕಾರಣ, ಕೇಳುವ ರೀತಿ. "ಮನೆಯಲ್ಲಿ ಅಂಗವಿಕಲರು ಇದ್ದಾರಾ?" ಅಂತ ಕೇಳಿದರೆ ನಮ್ಮಮ್ಮ ನನ್ನ ಕಡೆ ಕೈ ತೋರಿಸುತ್ತಿದ್ದರು. ಅಮ್ಮನಿಗೆ ಕೊನೆಕೊನೆಗೆ ಪಕ್ಕದಲ್ಲಿ ಕೂತು ಕೂಗಿದರೂ ಕೇಳಿಸುತ್ತಿರಲಿಲ್ಲ. ಕತ್ತಲಾದರೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು. "ನನಗೇನಾಗಿದೆ, ವಯಸ್ಸಾಯ್ತು ಅಷ್ಟೆ" ಅನ್ನುತ್ತಿದ್ದರು. ಹೀಗೆ ತಪ್ಪಿಹೋಗುವವರನ್ನೂ ಹಿಡಿಯಬೇಕು ಅಂತಲೇ ವಿಶ್ವಸಂಸ್ಥೆಯ ಅಡಿಯಲ್ಲಿ 2001ರಲ್ಲಿ ಶುರುವಾದ ವಾಷಿಂಗ್ಟನ್ ಗ್ರೂಪ್ ಆರು ಪ್ರಶ್ನೆ ತಯಾರಿಸಿತು. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವಾ? ಮೆಟ್ಟಿಲು ಹತ್ತಲು ಕಷ್ಟವಾ? ಕೇಳಿಸಿಕೊಳ್ಳಲು, ನೆನಪಿಟ್ಟುಕೊಳ್ಳಲು, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು, ಹೇಳಬೇಕಾದ್ದನ್ನು ಹೇಳಲು? ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ ಎಂದು ನಾಲ್ಕು ಉತ್ತರ. ಹೀಗೆ ಕೇಳಿದ್ದರೆ ಅಮ್ಮನೂ ಲೆಕ್ಕಕ್ಕೆ ಬರುತ್ತಿದ್ದರು. ಲೆಕ್ಕಕ್ಕೆ ಸಿಗದವರಿಗೆ ಬಜೆಟ್‌ನಲ್ಲಿ ದುಡ್ಡು ಇಡುವವರು ಯಾರು?

ನಿಮ್ಮ ಮನೆಗೆ ಇನ್ನೂ ಹತ್ತಿರದ ವಿಷಯ ಒಂದಿದೆ. ಆಸ್ಪತ್ರೆಗೆ ಆಟೋ, ಡೈಪರ್, ಮಗನನ್ನು ನೋಡಿಕೊಳ್ಳಲು ನೀವು ಬಿಟ್ಟ ಕೂಲಿ. ಪಕ್ಕದ ಮನೆಯಷ್ಟೇ ಆದಾಯ ಇದ್ದರೂ ನಿಮ್ಮ ಕೈಯಲ್ಲಿ ಅಷ್ಟು ಉಳಿಯುವುದಿಲ್ಲ. ವೀಬ್ಕೆ ಕುಕ್ಲಿಸ್ ಎಂಬ ಸಂಶೋಧಕಿ ಬ್ರಿಟನ್ನಿನಲ್ಲಿ ಇದನ್ನೇ ಲೆಕ್ಕ ಹಾಕಿದರು. ವಿಕಲಚೇತನರಿರುವ ಕುಟುಂಬಗಳಲ್ಲಿ, ಬರೀ ಆದಾಯ ನೋಡಿದರೆ ಬಡತನ ರೇಖೆಯ ಕೆಳಗಿದ್ದವರು ಶೇ 23.1. ವೈಕಲ್ಯದಿಂದ ಬರುವ ಹೆಚ್ಚಿನ ಹೊರೆಯನ್ನೂ ಸೇರಿಸಿದರೆ ಶೇ 47.4! ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಕೂಡ, ಬೇರೆಯವರಿಗೆ ಕೊಡುವ ಅಂಥದೇ ನೆರವಿಗಿಂತ ವಿಕಲಚೇತನರಿಗೆ ಕನಿಷ್ಠ ಶೇ 25 ಜಾಸ್ತಿ ಕೊಡಬೇಕು ಅನ್ನುತ್ತದೆ. ಅಷ್ಟು ಸಾಕಾ? ನಿಮ್ಮಂಥವರ ಮನೆಯ ಖರ್ಚು ಬರೆದುಕೊಳ್ಳದೆ ಯಾರೂ ಹೇಳಲಾರರು.

ಅದಕ್ಕೇ ಹೇಳಿದ್ದು, ಮಾತಾಡಿ. ಆದರೆ ಮೊದಲು ನೀವು ಕೇಳಿ. ಯಾವ ಸಂಸ್ಥೆ, ಯಾತಕ್ಕೆ, ಫಲಿತಾಂಶವನ್ನು ಕನ್ನಡದಲ್ಲಿ ನಮಗೆ ತಲುಪಿಸುತ್ತೀರಾ ಅಂತ. ಸಂಶೋಧನೆಗೆ ನಿಮ್ಮ ಬ್ಯಾಂಕ್ ಖಾತೆ ನಂಬರ್ ಬೇಕಾಗಿಲ್ಲ, ಕೊಡಬೇಡಿ. ಮಗನ ಫೋಟೊ ಬೇಡ ಅನ್ನಿ. ಸರಿಯಾದ ಉತ್ತರ ಸಿಗದಿದ್ದರೆ ಆಗ ಕಳಿಸಿಬಿಡಿ, ಸಂಕೋಚ ಬೇಡ. ಜನಗಣತಿಯವರದು ಬೇರೆ. ಅವರಿಗೆ ಉತ್ತರ ಕೊಡಲೇಬೇಕು ಅಂತ ಕಾನೂನಿದೆ. 2027ರ ಗಣತಿಯಲ್ಲಿ ಮಗನ ವೈಕಲ್ಯವನ್ನು ಬರೆದುಕೊಂಡರಾ ಎಂದು ಎದುರಿಗೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ನನಗೆ ದೃಷ್ಟಿ ಮಂದ. ವಿಕಲಚೇತನರ ಬಗ್ಗೆ ಪ್ರಬಂಧ ಮಾಡಬೇಕು. ಯಾವ ವಿಷಯ ಒಳ್ಳೆಯದು?
– ವಿದ್ಯಾರ್ಥಿ, ಹಾವೇರಿ

ಉತ್ತರ: ನಿಮ್ಮೂರಿನ ಬಸ್ ನಿಲ್ದಾಣದಿಂದ ತಾಲ್ಲೂಕು ಕಚೇರಿಯ ಕೌಂಟರ್‌ವರೆಗಿನ ದಾರಿ. ಸುಮ್ನೆ ಹೇಳುತ್ತಿಲ್ಲ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ತಂಡ ಕೋರ್ಟು, ಜೈಲು, ಶಾಲೆ, ಬಸ್ಸುಗಳಲ್ಲಿ ವಿಕಲಚೇತನರು ಪಡುವ ಪಾಡನ್ನು ಅವರ ಬಾಯಲ್ಲೇ ಕೇಳಿ ವರದಿ ಮಾಡಿತು. ರಾಜೀವ್ ರಾಟೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವರದಿ ನೋಡಿ, 2024ರ ನವೆಂಬರ್ 8ರಂದು, ಕಟ್ಟಡ, ಬಸ್ಸುಗಳನ್ನು ವಿಕಲಚೇತನರೂ ಬಳಸುವಂತಿರಬೇಕು ಎನ್ನುವ, ಬರೀ ಸಲಹೆಯಂತಿದ್ದ ನಿಯಮ ಸಾಲದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು.

ಟೇಪು ಹಿಡಿದು ಹೊರಡಿ. ರ‍್ಯಾಂಪ್ ಒಂದಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಬಾಗಿಲು 900 ಮಿಲಿಮೀಟರ್ ಅಗಲ ಇರಬೇಕು. ವೀಲ್‌ಚೇರ್ ಬಳಸುವ ಒಬ್ಬರನ್ನು, ಕಿವಿ ಕೇಳದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರು ಎಲ್ಲಿ ನಿಂತುಬಿಟ್ಟರು, ಯಾರ ಸಹಾಯ ಕೇಳಬೇಕಾಯಿತು ಎಂದು ಬರೆಯಿರಿ. ಅವರನ್ನು ಕೇಳಿ, ಒಪ್ಪಿದರೆ ಅವರ ಹೆಸರನ್ನೂ ನಿಮ್ಮ ಹೆಸರಿನ ಪಕ್ಕದಲ್ಲೇ ಹಾಕಿ. ಕಾಲೇಜಿಗೆ ಒಂದು ಪ್ರತಿ ಕೊಟ್ಟ ದಿನವೇ ತಹಶೀಲ್ದಾರರಿಗೊಂದು, ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೊಂದು ಕಳಿಸಿ, ಸ್ವೀಕೃತಿ ಪತ್ರ ಇಟ್ಟುಕೊಳ್ಳಿ.