ಯುಪ್ ಹೈಂಕೆಸ್: ಆಟಗಾರ ಮತ್ತು ಕೋಚ್

ಪ್ರಶ್ನೆ: ಜರ್ಮನಿಯ ಯುಪ್ ಹೈಂಕೆಸ್ ಅವರನ್ನು ನಾವು ಬಯರ್ನ್ ಮ್ಯೂನಿಕ್ ಫುಟ್‌ಬಾಲ್ ತಂಡದ ಕೋಚ್ ಆಗಿ ಮಾತ್ರ ಬಲ್ಲೆವು. ಆಟಗಾರರಾಗಿಯೂ ಅವರು ಅಷ್ಟೇ ದೊಡ್ಡವರೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಹೌದು. ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲೀಗಾದ 369 ಪಂದ್ಯಗಳಲ್ಲಿ 220 ಗೋಲು ಹೊಡೆದ ಹೈಂಕೆಸ್, ತಮ್ಮ ಹುಟ್ಟೂರಾದ ಮೋನ್ಶೆನ್‌ಗ್ಲಾಡ್‌ಬಾಖ್‌ನ ಬೊರುಸಿಯಾ ತಂಡದೊಂದಿಗೆ ನಾಲ್ಕು ಬಾರಿ ಲೀಗ್ ಪ್ರಶಸ್ತಿ ಗೆದ್ದರು. 1975ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ತಂಡವನ್ನು ಅದರ ನೆಲದಲ್ಲೇ 5-1ರಿಂದ ಮಣಿಸಿದಾಗ ಮೂರು ಗೋಲು ಅವರವೇ ಆಗಿದ್ದವು.

1979ರಲ್ಲಿ ಬೊರುಸಿಯಾ ತಂಡದ ಕೋಚ್ ಆದರು. 1998ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 32 ವರ್ಷಗಳ ಬಳಿಕ ಯುರೋಪಿನ ಅತ್ಯುನ್ನತ ಕ್ಲಬ್ ಟೂರ್ನಿಯ (ಚಾಂಪಿಯನ್ಸ್ ಲೀಗ್) ಕಿರೀಟ ತಂದುಕೊಟ್ಟರೂ, ಸ್ಪ್ಯಾನಿಷ್ ಲೀಗ್‌ನಲ್ಲಿ ತಂಡ ನಾಲ್ಕನೆಯ ಸ್ಥಾನಕ್ಕಿಳಿದಿದ್ದರಿಂದ ಹುದ್ದೆ ಕಳೆದುಕೊಂಡರು. ಇದು ಅವರಿಗೆ ಆದ ಅನ್ಯಾಯವೆಂದೇ ನನ್ನ ಭಾವನೆ.

ಅವರ ನಿಜವಾದ ಎತ್ತರ ಕಂಡದ್ದು ಮ್ಯೂನಿಕ್‌ನಲ್ಲಿ. 2012ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ಸ್ವಂತ ಮೈದಾನದಲ್ಲಿ, 83ನೇ ನಿಮಿಷದಲ್ಲಿ ಮುನ್ನಡೆ ಪಡೆದ ಬಯರ್ನ್‌ನ ಕೈಯಿಂದ ಗೆಲುವು ಜಾರಿತು: ಐದೇ ನಿಮಿಷದಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡದ ಡ್ರೋಗ್ಬಾ ಕಾರ್ನರ್ ಕಿಕ್‌ಗೆ ತಲೆಯೊಡ್ಡಿ ಸಮ ಮಾಡಿದರು, ಪೆನಾಲ್ಟಿಗಳಲ್ಲಿ ಕಪ್ ಕೈತಪ್ಪಿತು. ಆ ಪೆಟ್ಟು ತಿಂದ ತಂಡವನ್ನೇ ಹೈಂಕೆಸ್ ಮತ್ತೆ ಎತ್ತಿ ನಿಲ್ಲಿಸಿ, ಮರುವರ್ಷ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದರು. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆದ ಆ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಯರ್ನ್‌ನ ರಾಬೆನ್ 89ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದಾಗ ಹೈಂಕೆಸ್ ಅವರಿಗೆ 68 ವರ್ಷ.